ಓದುಗರ ಲೆಕ್ಕಕ್ಕೆ ಉತ್ತರ: ಲೀಟರು, ಇಂಚು, ಟಿಎಂಸಿ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ನೀರಿನದ್ದೇ. ಬೇಸಿಗೆ ಅಲ್ವಾ, ದಾವಣಗೆರೆ, ಚಿತ್ರದುರ್ಗದ ಕಡೆ ಏಪ್ರಿಲ್ ಬಂತು ಅಂದರೆ ಮಾತು ಶುರುವಾಗುವುದೇ ಟ್ಯಾಂಕರಿನಿಂದ. ಉಳಿದವು ಎಣ್ಣೆ, ಹಾಲು, ಔಷಧಿ, ಮಕ್ಕಳ ಹೋಮ್‌ವರ್ಕ್. ಕೇಳಿರುವುದು ಬೇರೆ ಬೇರೆ, ಆದರೆ ಎಲ್ಲರೂ ಸಿಕ್ಕಿಹಾಕಿಕೊಂಡಿರುವ ಜಾಗ ಒಂದೇ. ಒಂದು ಸಂಖ್ಯೆ ಲೀಟರಿನಲ್ಲಿರುತ್ತದೆ, ಇನ್ನೊಂದು ಅಡಿಯಲ್ಲೋ ಇಂಚಿನಲ್ಲೋ ಕೆಜಿಯಲ್ಲೋ ಇರುತ್ತದೆ, ಎರಡನ್ನೂ ಹಾಗೇ ಹಿಡಿದು ಗುಣಿಸಿಬಿಟ್ಟಿರುತ್ತಾರೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ನಾನು ಮೊದಲು ಮಾಡಿರುವುದು ಎಲ್ಲವನ್ನೂ ಒಂದೇ ಅಳತೆಗೆ ತಂದುಕೊಳ್ಳುವ ಕೆಲಸ. ಅಷ್ಟು ಆದಮೇಲೆ ಉಳಿಯುವುದು ಐದನೇ ಕ್ಲಾಸಿನ ಲೆಕ್ಕ.

ಪ್ರಶ್ನೆ: ಮಗ ನಿಜವಾಗಿಯೂ ಐದನೇ ಕ್ಲಾಸು. ‘4.5 ಲೀಟರ್ ಮಜ್ಜಿಗೆಯನ್ನು 200 ಎಂಎಲ್ ಲೋಟಗಳಿಗೆ ಹಾಕಿದರೆ ಎಷ್ಟು ಲೋಟ ತುಂಬುತ್ತವೆ’ ಅಂತ ಲೆಕ್ಕ. ಅವನು 4 ಲೀಟರ್ 5 ಎಂಎಲ್ ಅಂತ ಮಾಡಿಕೊಂಡು 20 ಲೋಟ ಅಂತ ಬರೆದ. ತಪ್ಪು ಅಂತ ಗೊತ್ತು, ಆದರೆ ಹೇಗೆ ಬಿಡಿಸಿ ಹೇಳುವುದು? ಸಾವಿರದಿಂದ ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಅನ್ನುವುದು ನನಗೂ ಗೊಂದಲವೇ.
— ಒಬ್ಬ ತಾಯಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಲೀಟರಿಗೆ 1,000 ಎಂಎಲ್. ಸಾವಿರದಲ್ಲಿ ಮೂರು ಸೊನ್ನೆ ಇವೆ, ಹಾಗಾಗಿ ಪಾಯಿಂಟ್ ಆದಮೇಲೆ ಮೂರು ಅಂಕಿ ಆಗುವ ತನಕ ಸೊನ್ನೆ ಹಾಕಿಸಿ. 4.5 ಅನ್ನುವುದು 4.500 ಆಯಿತು. ಈಗ ಪಾಯಿಂಟ್ ಅಳಿಸಿದರೆ 4,500 ಎಂಎಲ್. ಅವನು ಅಂದುಕೊಂಡ 4 ಲೀಟರ್ 5 ಎಂಎಲ್ ಬರೆಯಬೇಕಾದರೆ 4.005 ಅಂತ ಬರೆಯಬೇಕಿತ್ತು. ಎರಡನ್ನೂ ಒಂದರ ಕೆಳಗೆ ಒಂದು ಬರೆಸಿ, ತಾನೇ ಕಂಡುಹಿಡಿಯುತ್ತಾನೆ. ದುಡ್ಡಿನ ಲೆಕ್ಕ ಚೆನ್ನಾಗಿ ಬರುವ ಮಕ್ಕಳೇ ಇಲ್ಲಿ ಜಾಸ್ತಿ ಎಡವುತ್ತಾರೆ, ಯಾಕೆಂದರೆ ರೂಪಾಯಿಯಲ್ಲಿ ಪಾಯಿಂಟ್ ಆದಮೇಲೆ ಎರಡೇ ಅಂಕಿ.

ಗುಣಿಸುವುದೋ ಭಾಗಿಸುವುದೋ ಅಂತ ಬಾಯಿಪಾಠ ಮಾಡಿಸಬೇಡಿ. ಅಳತೆ ಸಣ್ಣದಾದರೆ ಸಂಖ್ಯೆ ದೊಡ್ಡದಾಗಬೇಕು, ಅಷ್ಟೇ. ಒಂದು ಬಕೆಟ್ ನೀರನ್ನು ಚೊಂಬಿನಲ್ಲಿ ಎಣಿಸಿದರೆ ಕಡಿಮೆ, ಲೋಟದಲ್ಲಿ ಎಣಿಸಿದರೆ ಜಾಸ್ತಿ ಬರುತ್ತದೆ ಅಲ್ವಾ. ಲೀಟರಿನಿಂದ ಎಂಎಲ್‌ಗೆ ಹೋದಾಗ ಸಂಖ್ಯೆ ಚಿಕ್ಕದಾಗಿದ್ದರೆ ಎಲ್ಲೋ ಉಲ್ಟಾ ಹೊಡೆದಿದ್ದೀವಿ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು 4,500 ಅನ್ನು 200ರಿಂದ ಭಾಗಿಸಿದರೆ 22.5. ಉತ್ತರ 22.5 ಲೋಟ ಅಂತ ಬರೆದು ಎದ್ದುಹೋಗುವ ಮಕ್ಕಳನ್ನು ಹಿಡಿದು ಕೂರಿಸಿ. ‘ಎಷ್ಟು ಲೋಟ ತುಂಬುತ್ತವೆ’ ಅಂದರೆ 22. ‘ಎಲ್ಲಾ ಮಜ್ಜಿಗೆ ಹಾಕಲು ಎಷ್ಟು ಲೋಟ ಬೇಕು’ ಅಂದರೆ 23. ‘ಎಷ್ಟು ಉಳಿಯುತ್ತದೆ’ ಅಂದರೆ 100 ಎಂಎಲ್. ಭಾಗಾಕಾರ ಒಂದೇ, ಪ್ರಶ್ನೆ ಮೂರು. ರಾಮನವಮಿಗೆ ಬೀದಿಯಲ್ಲಿ ಪಾನಕ ಹಂಚುವ ಹುಡುಗರನ್ನು ಕೇಳಿ ನೋಡಿ. 40 ಲೀಟರ್ ಮಾಡಿದರೆ 150 ಎಂಎಲ್ ಕಪ್ಪಿನಲ್ಲಿ 266 ಜನಕ್ಕೆ ಬರುತ್ತದೆ, 267ನೇ ಅವರಿಗೆ ಕಪ್ಪು ತುಂಬುವುದಿಲ್ಲ. ಅದೇ 300 ಜನಕ್ಕೆ ಮಾಡಬೇಕು ಅಂದರೆ 45 ಲೀಟರ್ ಬೇಕು, 20 ಲೀಟರಿನ ಕ್ಯಾನ್ ಎಷ್ಟು ತರಬೇಕು? 2.25 ಕ್ಯಾನ್ ಯಾರೂ ಕೊಡುವುದಿಲ್ಲ, ಮೂರು ತರಬೇಕು. ಒಂದು ಕಡೆ ಕೆಳಗೆ ಇಳಿಸಿದೆವು, ಇನ್ನೊಂದು ಕಡೆ ಮೇಲೆ ಏರಿಸಿದೆವು. ಪುಸ್ತಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ, ನನಗೆ ಕೇಳಿದರೆ ಇಡೀ ಪಾಠದಲ್ಲಿ ಮುಖ್ಯವಾದದ್ದೇ ಇದು.

ಪ್ರಶ್ನೆ: ನಮ್ಮ ಸಂಪು 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ. ಟ್ಯಾಂಕರಿನವರು 5,000 ಲೀಟರ್ ಅಂತ ಹೇಳಿ ದುಡ್ಡು ತಗೊಳ್ತಾರೆ. ನಮ್ಮ ಮನೆಯವರು ‘ಅಷ್ಟು ಇರೋದೇ ಇಲ್ಲ’ ಅಂತ ಪ್ರತಿ ಸಲ ಗೊಣಗುತ್ತಾರೆ. ಜಗಳ ಮಾಡದೆ ಕಂಡುಹಿಡಿಯುವುದು ಹೇಗೆ?
— ಮೆದೇಹಳ್ಳಿ ರಸ್ತೆಯ ಗೃಹಿಣಿ, ಚಿತ್ರದುರ್ಗ

ಉತ್ತರ: ನಿಮ್ಮ ಸಂಪೇ ಅಳತೆ ಪಾತ್ರೆ, ಬೇರೆ ಏನೂ ಬೇಡ. ಒಂದು ಉದ್ದದ ಕೋಲು, ಒಂದು ಟೇಪು ಸಾಕು.

ಮೊದಲು ಪೂರ್ತಿ ಸಂಪಿನ ಲೆಕ್ಕ. 8 × 6 × 5 ಅಂದರೆ 240 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಹಾಗಾಗಿ 6,792 ಲೀಟರ್. ಅಡಿ ಬೇಡ ಅನ್ನುವವರು ಟೇಪಿನ ಇನ್ನೊಂದು ಅಂಚಿನಲ್ಲಿರುವ ಸೆಂಟಿಮೀಟರ್ ನೋಡಿ: 244 × 183 × 152 ಮಾಡಿ 1,000ದಿಂದ ಭಾಗಿಸಿದರೆ 6,787 ಲೀಟರ್. ಎರಡು ದಾರಿಯಲ್ಲೂ ಹೆಚ್ಚು ಕಡಿಮೆ ಅಲ್ಲಿಗೇ ಬಂದೆವು. ಸಂಪಿನ ಒಳಗಿನ ಅಳತೆಯನ್ನೇ ಹಿಡಿಯಿರಿ, ಗೋಡೆ ಸೇರಿಸಿದರೆ ಸುಮ್ನೆ ಸಾವಿರ ಲೀಟರ್ ಜಾಸ್ತಿ ಬಂದುಬಿಡುತ್ತದೆ.

ಈಗ ಟ್ಯಾಂಕರ್. ಸಂಪಿನ ತಳ 8 × 6, ಅಂದರೆ 48 ಚದರ ಅಡಿ. ನೀರು ಒಂದು ಅಡಿ ಏರಿದರೆ 48 ಘನ ಅಡಿ, ಒಂದು ಇಂಚು ಏರಿದರೆ ಅದರ ಹನ್ನೆರಡನೇ ಒಂದು ಭಾಗ, ಅಂದರೆ 4 ಘನ ಅಡಿ. ಲೀಟರಿನಲ್ಲಿ 113. ಈ 113 ಅನ್ನುವ ಸಂಖ್ಯೆಯನ್ನು ಸಂಪಿನ ಮುಚ್ಚಳದ ಒಳಗಡೆ ಪೇಂಟಿನಲ್ಲಿ ಬರೆದಿಟ್ಟುಬಿಡಿ. ಟ್ಯಾಂಕರ್ ಬರುವ ಮುಂಚೆ ಕೋಲು ಇಳಿಸಿ ಒದ್ದೆಯಾದ ಜಾಗಕ್ಕೆ ಗುರುತು ಹಾಕಿ, ಹಾಕಿದ ಮೇಲೆ ಇನ್ನೊಂದು ಗುರುತು. ನಿಜವಾಗಿ 5,000 ಲೀಟರ್ ಬಿದ್ದಿದ್ದರೆ ಎರಡು ಗುರುತಿನ ನಡುವೆ 44 ಇಂಚು ಇರಬೇಕು. 38 ಇಂಚೇ ಇದೆ ಅನ್ನಿ, 38 × 113, ಅಂದರೆ 4,294 ಲೀಟರ್. 700 ಲೀಟರ್ ಖೋತಾ.

ಅಳೆಯುವಾಗ ಮೋಟಾರ್ ಆಫ್ ಇರಲಿ, ಇಲ್ಲಾಂದ್ರೆ ಒಂದು ಕಡೆ ಬೀಳುತ್ತಾ ಇರುತ್ತದೆ, ಇನ್ನೊಂದು ಕಡೆ ಮೇಲಕ್ಕೆ ಹೋಗುತ್ತಾ ಇರುತ್ತದೆ. ಪೂರ್ತಿ ಖಾಲಿ ಸಂಪಿಗೆ ಹಾಕಿಸಿ ಅಳೆಯಬೇಡಿ, ತಳದಲ್ಲಿ ಇಳಿಜಾರು, ಗುಂಡಿ ಇರುತ್ತದೆ, ಲೆಕ್ಕ ತಪ್ಪುತ್ತದೆ. ಅರ್ಧ ಅಡಿಯಾದರೂ ನೀರಿರುವಾಗ ಶುರು ಮಾಡಿ, ಆಗ ಎರಡು ಗುರುತೂ ನೇರ ಗೋಡೆಯ ಭಾಗದಲ್ಲೇ ಬರುತ್ತವೆ. ಒಂದು ಇಂಚು ಆಚೀಚೆ ಆಗಿದ್ದಕ್ಕೆ ಮಾತ್ರ ಡ್ರೈವರ್ ಜೊತೆ ಮಾತು ಬೆಳೆಸಬೇಡಿ, ಪೈಪಿನಲ್ಲೂ ಟ್ಯಾಂಕಿನ ಮೂಲೆಯಲ್ಲೂ ಸ್ವಲ್ಪ ಉಳಿದೇ ಉಳಿಯುತ್ತದೆ.

ಪ್ರಶ್ನೆ: ಹಾಲಿನ ಪಾಕೀಟು ದೊಡ್ಡದು ಮಾಡಿ ರೇಟ್ ಏರಿಸಿದರೆ ಅದು ಏರಿಕೆಯೋ ಅಲ್ಲವೋ? ಮನೆಯಲ್ಲಿ ಇವತ್ತಿಗೂ ವಾದ ಮುಗಿದಿಲ್ಲ.
— ಹರಿಹರ

ಉತ್ತರ: 2024ರ ಜೂನ್‌ನಲ್ಲಿ ನಂದಿನಿ ಟೋನ್ಡ್ ಹಾಲಿಗೆ 50 ಎಂಎಲ್ ಸೇರಿಸಿ ₹2 ಹೆಚ್ಚು ಮಾಡಿದ್ದನ್ನು ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಆಗ ₹42ರ ಲೀಟರ್ ಪಾಕೀಟು 1,050 ಎಂಎಲ್ ಆಗಿ ₹44 ಆಯಿತು. 44 ಅನ್ನು 1.05ರಿಂದ ಭಾಗಿಸಿ: ಲೀಟರಿಗೆ ₹41.90. ಲೀಟರ್ ಲೆಕ್ಕದಲ್ಲಿ ಏರಿಲ್ಲ, ಆದರೆ ದಿನಾ ಒಂದೇ ಪಾಕೀಟು ತರುವವರ ಜೇಬಿನಿಂದ ₹2 ಜಾಸ್ತಿ ಹೋಯಿತು. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ! 2025ರ ಏಪ್ರಿಲ್‌ನಲ್ಲಿ ಮತ್ತೆ 1,000 ಎಂಎಲ್‌ಗೆ ಇಳಿಸಿ ₹46 ಮಾಡಿದ್ದು ಮಾತ್ರ ಎರಡೂ ಲೆಕ್ಕದಲ್ಲಿ ಏರಿಕೆಯೇ.

ಪ್ರಶ್ನೆ: ಹಳೇ ಬೋರಿನಲ್ಲಿ 1 ಇಂಚು ನೀರಿತ್ತು. ಈಗ ಹೊಸದು ಕೊರೆಸಿದೆವು, 2 ಇಂಚು ಬಿದ್ದಿದೆ. ಡಬಲ್ ಆಯ್ತು ಬಿಡು ಅಂತ ಎಲ್ಲಾ ಹೇಳ್ತಿದ್ದಾರೆ. 500 ಅಡಿಕೆ ಮರಕ್ಕೆ ಡ್ರಿಪ್ ಹಾಕಿದ್ದೀನಿ, ಸಾಕಾಗುತ್ತಾ? ರಿಗ್ಗಿನವರು ಗ್ಯಾಲನ್ ಅಂತ ಬೇರೆ ಏನೋ ಹೇಳಿದರು.
— ಒಬ್ಬ ರೈತರು, ಹೊಸದುರ್ಗ ತಾಲ್ಲೂಕು

ಉತ್ತರ: ಡಬಲ್ ಅಲ್ಲ ಯಜಮಾನರೇ, ಐದೂವರೆ ಪಟ್ಟು ಜಾಸ್ತಿ. ಖುಷಿ ಪಡಿ.

ಬೋರ್ ಕೊರೆಯುವ ಕಡೆ ಹೇಳುವ ಇಂಚು ಪೈಪಿನ ಅಳತೆ ಅಲ್ಲ. ಬೋರಿನಿಂದ ಬಂದ ನೀರನ್ನು ಕಾಲುವೆ ತರಹ ಹರಿಸಿ, ಮಧ್ಯೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕತ್ತರಿಸಿದ ತಗಡು ನಿಲ್ಲಿಸುತ್ತಾರೆ. ಆ ಸೀಳಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತು ಹರಿಯುತ್ತದೋ ಅದೇ ಇಂಚು. ಈಗ ಆ ಸೀಳನ್ನು ಕಣ್ಣಮುಂದೆ ತಂದುಕೊಳ್ಳಿ. ಕೆಳಗೆ ಚೂಪು, ಮೇಲೆ ಹೋದಂತೆ ಅಗಲ. ನೀರು ಎರಡರಷ್ಟು ಎತ್ತರಕ್ಕೆ ಏರಿದಾಗ ಅಗಲವೂ ಎರಡರಷ್ಟಾಗುತ್ತದೆ, ಅಂದರೆ ನೀರು ಹೋಗುವ ಜಾಗ ನಾಲ್ಕು ಪಟ್ಟು. ಅದರ ಮೇಲೆ ಎತ್ತರ ಜಾಸ್ತಿಯಾದ್ದರಿಂದ ನೀರಿನ ವೇಗವೂ ಸುಮಾರು 1.4 ಪಟ್ಟು. ಎರಡೂ ಗುಣಿಸಿ, 5.6 ಪಟ್ಟು ಸುಮಾರಾಗಿ. 90 ಡಿಗ್ರಿ ಸೀಳಿನ ತಗಡಿನಲ್ಲಿ 1 ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, 2 ಇಂಚಿಗೆ ಸುಮಾರು 2,900, 3 ಇಂಚಿಗೆ ಸುಮಾರು 8,000. ಊರಿನಲ್ಲಿ ‘ಅವನಿಗೆ ಮೂರಿಂಚು ಬಿತ್ತು, ನಮಗೆ ಒಂದಿಂಚು, ಮೂರರಲ್ಲಿ ಒಂದು ಭಾಗನಾದ್ರೂ ಸಿಕ್ತಲ್ಲ’ ಅಂತ ಸಮಾಧಾನ ಮಾಡಿಕೊಳ್ಳುವವರಿಗೆ ಈ ಸಾಲು ತೋರಿಸಬೇಡಿ, ಪಾಪ.

ಗ್ಯಾಲನ್ನಿನ ಕತೆ ಇಷ್ಟು: ಬ್ರಿಟಿಷರ ಗ್ಯಾಲನ್ನಿಗೆ 4.546 ಲೀಟರ್. ನಿಮ್ಮ 2,900 ಲೀಟರನ್ನು ಅದರಿಂದ ಭಾಗಿಸಿದರೆ ಗಂಟೆಗೆ 638 ಗ್ಯಾಲನ್. ಅಮೆರಿಕದ ಗ್ಯಾಲನ್ ಚಿಕ್ಕದು, 3.785 ಲೀಟರ್. ಮೋಟಾರಿನ ಪಟ್ಟಿಯಲ್ಲಿ ಗ್ಯಾಲನ್ ಅಂತ ಕಂಡರೆ ಯಾವ ಗ್ಯಾಲನ್ ಅಂತ ಅಂಗಡಿಯವರನ್ನು ಕೇಳಿ, ಅಥವಾ ಲೀಟರಿನಲ್ಲೇ ಹೇಳಿ ಅನ್ನಿ.

ಇನ್ನು ತೋಟ. ಮರಕ್ಕೆ ದಿನಕ್ಕೆ 16 ಲೀಟರ್ ಹಿಡಿದರೆ 500 ಮರಕ್ಕೆ 8,000 ಲೀಟರ್. 2,900ರಿಂದ ಭಾಗಿಸಿದರೆ 2.76 ಗಂಟೆ. ಇಲ್ಲಿ ಮತ್ತೆ ಪಾಯಿಂಟಿನ ಮೋಸ ಇದೆ, ಇದು 2 ಗಂಟೆ 76 ನಿಮಿಷ ಅಲ್ಲ, 2 ಗಂಟೆ 45 ನಿಮಿಷ, ಯಾಕೆಂದರೆ ಗಂಟೆಗೆ ಅರವತ್ತೇ ನಿಮಿಷ. ಹಳೇ 1 ಇಂಚಿನ ಬೋರಾಗಿದ್ದರೆ ಇದೇ ಕೆಲಸಕ್ಕೆ 16 ಗಂಟೆ ಬೇಕಿತ್ತು, ಅಷ್ಟು ಹೊತ್ತು ತ್ರೀ ಫೇಸ್ ಕರೆಂಟ್ ಯಾರು ಕೊಡುತ್ತಾರೆ?

ಆದರೆ ಕೊರೆದ ದಿನ ಕಂಡ ಇಂಚನ್ನೇ ನಂಬಿಕೊಂಡು ಕೂರಬೇಡಿ. ಮೋಟಾರ್ ಇಳಿಸಿದ ಮೇಲೆ ಒಂದೆರಡು ಗಂಟೆ ಓಡಿಸಿ, ಆಮೇಲೆ 200 ಲೀಟರಿನ ಡ್ರಮ್ ಹಿಡಿದು ಮೊಬೈಲಿನಲ್ಲಿ ಟೈಮ್ ನೋಡಿ. ನಾಲ್ಕು ನಿಮಿಷ ಹತ್ತು ಸೆಕೆಂಡಿನ ಒಳಗೆ ತುಂಬಿದರೆ 2,900 ಇದೆ ಅಂತ ಲೆಕ್ಕ. ಎಂಟು ನಿಮಿಷ ಹಿಡಿದರೆ ಗಂಟೆಗೆ 1,500 ಮಾತ್ರ. ಮೇ ತಿಂಗಳಲ್ಲಿ ಇನ್ನೊಮ್ಮೆ ಅಳೆಯಿರಿ.

ಪ್ರಶ್ನೆ: ಮಗುವಿಗೆ ಜ್ವರ ಬಂದಾಗ ಡಾಕ್ಟರ್ ‘ಅರ್ಧ ಚಮಚ ಸಿರಪ್’ ಅಂದಿದ್ದರು. ಅಡುಗೆಮನೆ ಚಮಚದಲ್ಲಿ ಕೊಟ್ಟರೆ ಆಗುತ್ತಾ? ಹೋದ ಸಲದ ಡ್ರಾಪ್ಸ್ ಕೂಡ ಉಳಿದಿದೆ, ಅಷ್ಟೇ ಎಂಎಲ್ ಹಾಕಬಹುದಾ?
— ವಿನೋಬನಗರ, ದಾವಣಗೆರೆ

ಉತ್ತರ: ಎರಡಕ್ಕೂ ಬೇಡ.

ಔಷಧಿಯಲ್ಲಿ ಒಂದು ಚಮಚ ಅಂದರೆ 5 ಎಂಎಲ್, ಅರ್ಧ ಅಂದರೆ 2.5 ಎಂಎಲ್. ಮನೆ ಚಮಚ ಒಂದೊಂದು ಸೈಜು. ಬಾಟಲಿ ಜೊತೆ ಬರುವ ಗೆರೆ ಇರುವ ಮುಚ್ಚಳ ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಸಿಗುವ ಸೂಜಿ ಇಲ್ಲದ ಸಿರಿಂಜ್ ಬಳಸಿ. ಎರಡನೆಯದು ಇನ್ನೂ ಮುಖ್ಯ. ಎಂಎಲ್ ಹೇಳುವುದು ದ್ರವ ಎಷ್ಟು ಅಂತ ಮಾತ್ರ, ಅದರೊಳಗೆ ಔಷಧಿ ಎಷ್ಟಿದೆ ಅನ್ನುವುದನ್ನು ಎಂಜಿ ಹೇಳುತ್ತದೆ. ಪ್ಯಾರಸಿಟಮಾಲ್‌ನಲ್ಲೇ 5 ಎಂಎಲ್‌ಗೆ 125 ಎಂಜಿ ಇರುವ ಸಿರಪ್ ಇದೆ, 5 ಎಂಎಲ್‌ಗೆ 250 ಎಂಜಿ ಇರುವುದೂ ಇದೆ, ಡ್ರಾಪ್ಸ್‌ನಲ್ಲಿ ಬರೀ 1 ಎಂಎಲ್‌ಗೇ 100 ಎಂಜಿ ಇರುತ್ತದೆ. ಅಂದರೆ 125 ಎಂಜಿ ಕೊಡಬೇಕಾದಾಗ ಮೊದಲನೆಯದರಲ್ಲಿ 5 ಎಂಎಲ್, ಎರಡನೆಯದರಲ್ಲಿ 2.5, ಡ್ರಾಪ್ಸ್‌ನಲ್ಲಿ 1.25 ಎಂಎಲ್. ಮೊದಲನೇ ಸಿರಪ್ಪಿನ ಅಳತೆಯಲ್ಲೇ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಈ ಲೆಕ್ಕವನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಇರುವ ಬಾಟಲಿಯನ್ನೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ ‘ಇದರಲ್ಲಿ ಎಷ್ಟು ಎಂಎಲ್’ ಅಂತ ಬರೆಸಿಕೊಳ್ಳಿ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಔಷಧಿ ಹೊಡೆಯಬೇಕು. ಬಾಟಲಿ ಮೇಲೆ ‘ಎಕರೆಗೆ 400 ಎಂಎಲ್, 200 ಲೀಟರ್ ನೀರಿನಲ್ಲಿ’ ಅಂತಿದೆ. ನಮ್ಮ ಪಂಪು 16 ಲೀಟರ್, ಹೊಲ 25 ಗುಂಟೆ. ಪಂಪಿಗೆ ಎಷ್ಟು ಹಾಕಲಿ?
— ಜಗಳೂರು ತಾಲ್ಲೂಕು

ಉತ್ತರ: ಎಕರೆಗೆ 40 ಗುಂಟೆ. ನಿಮ್ಮ 25 ಗುಂಟೆಗೆ ಔಷಧಿ 250 ಎಂಎಲ್, ನೀರು 125 ಲೀಟರ್. 125 ಅನ್ನು 16ರಿಂದ ಭಾಗಿಸಿದರೆ 7.8, ಎಂಟು ಪಂಪು ಅನ್ನಿ. 250 ಎಂಎಲ್ ಅನ್ನು ಎಂಟಕ್ಕೆ ಹಂಚಿ, ಪಂಪಿಗೆ 31 ಎಂಎಲ್. ನೀವು ಬೇಗ ಬೇಗ ನಡೆದು ಆರೇ ಪಂಪಿನಲ್ಲಿ ಹೊಲ ಮುಗಿಸುವವರಾದರೆ ಇದೇ 31 ಹಾಕಿದಾಗ ಹೊಲಕ್ಕೆ 186 ಎಂಎಲ್ ಮಾತ್ರ ಬೀಳುತ್ತದೆ, ಹುಳ ಸಾಯುವುದಿಲ್ಲ, ಔಷಧಿ ಡೂಪ್ಲಿಕೇಟ್ ಅಂತ ಅಂಗಡಿಯವರನ್ನು ಬೈಯುತ್ತೀರಿ. ಅದಕ್ಕೇ ಮೊದಲು ಬರೀ ನೀರು ತುಂಬಿ ಒಂದೆರಡು ಸಾಲು ಹೊಡೆದು ನಿಮ್ಮ ನಡಿಗೆಗೆ ಎಷ್ಟು ಪಂಪು ಬೇಕು ನೋಡಿಕೊಳ್ಳಿ. ಮುಚ್ಚಳದ ಅಳತೆ ನಂಬಬೇಡಿ, ಒಂದೊಂದು ಬಾಟಲಿಯ ಮುಚ್ಚಳ ಒಂದೊಂದು ಸೈಜು. ಅಳತೆಗೆ ಹಿಡಿದ ಲೋಟ ಮತ್ತೆ ಮನೆಯೊಳಗೆ ಹೋಗಬಾರದು.

ಪ್ರಶ್ನೆ: ಸಂಜೆ ಮೆಣಸಿನಕಾಯಿ, ಮಂಡಕ್ಕಿ ಅಂಗಡಿ ಇಟ್ಟಿದ್ದೇನೆ. 15 ಲೀಟರ್ ಎಣ್ಣೆ ಟಿನ್ ಒಂದು ಕಡೆ ₹2,100, 15 ಕೆಜಿ ಟಿನ್ ಇನ್ನೊಂದು ಕಡೆ ₹2,250. ಯಾವುದು ಲಾಭ?
— ಹಳೇ ದಾವಣಗೆರೆ

ಉತ್ತರ: ನೋಡುವುದಕ್ಕೆ ₹150 ಉಳಿಯಿತು ಅನ್ನಿಸುತ್ತದೆ, ಆದರೆ ದುಬಾರಿ ಟಿನ್ನೇ ಅಗ್ಗ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಅಲ್ವಾ ತೇಲುವುದು. ಸೂರ್ಯಕಾಂತಿ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ, ಪಾಕೀಟಿನ ಮೇಲೂ ಬರೆದಿರುತ್ತಾರೆ. 15 ಲೀಟರ್ ಟಿನ್‌ನಲ್ಲಿ ಇರುವುದು 13.65 ಕೆಜಿ, ಕೆಜಿಗೆ ₹153.85 ಬಿತ್ತು. 15 ಕೆಜಿ ಟಿನ್‌ನಲ್ಲಿ ಕೆಜಿಗೆ ₹150. ಲೀಟರಿನಲ್ಲೇ ನೋಡಬೇಕು ಅಂದರೂ ಅಷ್ಟೇ, 15 ಕೆಜಿ ಅಂದರೆ 16.48 ಲೀಟರ್, ಲೀಟರಿಗೆ ₹136.50, ಇನ್ನೊಂದರದ್ದು ₹140. ಎರಡೂ ಟಿನ್ ಪಕ್ಕದಲ್ಲಿಟ್ಟರೆ ಒಂದೇ ತರಹ ಕಾಣುತ್ತವೆ, ಮೇಲೆ 15 ಅಂತ ದೊಡ್ಡದಾಗಿ, ಕೆಜಿಯೋ ಲೀಟರೋ ಅನ್ನುವುದು ಸಣ್ಣದಾಗಿ. ಆ ಸಣ್ಣದನ್ನೇ ಓದಿ.

ಪ್ರಶ್ನೆ: ಪೇಪರಿನಲ್ಲಿ ಮಳೆಗಾಲ ಪೂರ್ತಿ ಟಿಎಂಸಿ, ಕ್ಯೂಸೆಕ್ ಅಂತ ಬರುತ್ತದೆ. ವಾಣಿ ವಿಲಾಸ ಸಾಗರಕ್ಕೆ 1,000 ಕ್ಯೂಸೆಕ್ ಒಳಹರಿವು ಅಂದರೆ ದಿನಕ್ಕೆ ಎಷ್ಟು ಟಿಎಂಸಿ ಸೇರುತ್ತದೆ? ಲೀಟರಿನಲ್ಲಿ ಹೇಳಿ.
— ಪಿಯುಸಿ ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, 28.3 ಲೀಟರ್. ಒಂದೂವರೆ ಬಕೆಟ್ ಅನ್ನು ಒಂದೇ ಸೆಕೆಂಡಿನಲ್ಲಿ ಸುರಿದ ಹಾಗೆ. ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಹರಿಯುವ ನೀರಿನ ಅಳತೆ, ಇನ್ನೊಂದು ನಿಂತ ನೀರಿನ ಅಳತೆ, ಹಾಗಾಗಿ ಮಧ್ಯೆ ಸಮಯ ಬರಲೇಬೇಕು. ದಿನಕ್ಕೆ 86,400 ಸೆಕೆಂಡ್. 1,000 ಕ್ಯೂಸೆಕ್ ಇಡೀ ದಿನ ಹರಿದರೆ 8 ಕೋಟಿ 64 ಲಕ್ಷ ಘನ ಅಡಿ, ಅಂದರೆ 0.0864 ಟಿಎಂಸಿ. ಹತ್ತರಲ್ಲಿ ಒಂದು ಭಾಗವೂ ಆಗಲಿಲ್ಲ ನೋಡಮ್ಮ! ಒಂದು ಟಿಎಂಸಿ ತುಂಬಲು ಹನ್ನೊಂದೂವರೆ ದಿನ ಬೇಕು. ಕ್ಯೂಸೆಕ್ ಸಂಖ್ಯೆಯನ್ನು 11,574ರಿಂದ ಭಾಗಿಸಿದರೆ ದಿನದ ಟಿಎಂಸಿ ಸಿಗುತ್ತದೆ, ಇದೊಂದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ.

ಲೀಟರಿನಲ್ಲಿ ಒಂದು ಟಿಎಂಸಿ ಸುಮಾರು 2,830 ಕೋಟಿ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 56 ಲಕ್ಷಕ್ಕೂ ಜಾಸ್ತಿ ಟ್ಯಾಂಕರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ, ಆ ಪ್ರಕಾರ ಒಂದು ಟಿಎಂಸಿ ಐದೂಮುಕ್ಕಾಲು ಲಕ್ಷ ಜನಕ್ಕೆ ಒಂದು ವರ್ಷ. ನಿಮ್ಮೂರ ಮಾರಿಕಣಿವೆ, ಅಂದರೆ ಇದೇ ವಾಣಿ ವಿಲಾಸ ಸಾಗರ, ಪೂರ್ತಿ ತುಂಬಿದರೆ 30.42 ಟಿಎಂಸಿ, ಲೀಟರಿನಲ್ಲಿ 86 ಸಾವಿರ ಕೋಟಿ. 1,000 ಕ್ಯೂಸೆಕ್ ಒಂದರಲ್ಲೇ ಖಾಲಿ ಕೆರೆ ತುಂಬಬೇಕು ಅಂದರೆ 352 ದಿನ, ಅದೂ ಬಿಸಿಲಿಗೆ ಒಂದು ಹನಿಯೂ ಆರಿಹೋಗದೆ, ಕಾಲುವೆಗೂ ಬಿಡದೆ ಇದ್ದರೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ತನಕ ಯಾಕೆ ಕಾಯಬೇಕಾಯಿತು ಅನ್ನುವುದಕ್ಕೆ ಅರ್ಧ ಉತ್ತರ ಈ ಭಾಗಾಕಾರದಲ್ಲೇ ಇದೆ.

ಇನ್ನೊಂದು ವಿಷಯ, ನೀನು ಕೇಳಿಲ್ಲ, ಆದರೆ ಪೇಪರ್ ಓದುವವರೆಲ್ಲ ಇಲ್ಲಿ ಮೋಸ ಹೋಗುತ್ತಾರೆ. ಪೂರ್ತಿ ಮಟ್ಟ 130 ಅಡಿ. ನೀರು 65 ಅಡಿಗೆ ಬಂದರೆ ಅರ್ಧ ತುಂಬಿತು ಅಂತಲ್ಲ. ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ಕೆಳಗಿನ 65 ಅಡಿಯಲ್ಲಿ ಹಿಡಿಯುವ ನೀರು ಮೇಲಿನ 65 ಅಡಿಗಿಂತ ಬಹಳ ಕಡಿಮೆ. ಸಂಪಿನಲ್ಲಿ ಇಂಚಿಗೆ 113 ಲೀಟರ್ ಅಂದಹಾಗೆ ಜಲಾಶಯದಲ್ಲಿ ಅಡಿಗೆ ಇಷ್ಟು ಅಂತ ಒಂದೇ ಸಂಖ್ಯೆ ಹೇಳುವುದಕ್ಕೆ ಆಗುವುದಿಲ್ಲ.

ಪ್ರಶ್ನೆ: 30 × 40 ಸೈಟು, ಪೂರ್ತಿ ತಾರಸಿ. 20 ಮಿಲಿಮೀಟರ್ ಮಳೆ ಬಂದರೆ ಎಷ್ಟು ನೀರು ಹಿಡಿಯಬಹುದು?
— ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್. ನಿಮ್ಮ 1,200 ಚದರ ಅಡಿ ಅಂದರೆ ಸುಮಾರು 111 ಚದರ ಮೀಟರ್. 20ರಿಂದ ಗುಣಿಸಿ, 2,220 ಲೀಟರ್. ತಾರಸಿ ಹೀರುವುದು, ಚೆಲ್ಲುವುದು ಎಲ್ಲಾ ಕಳೆದು ನೂರಕ್ಕೆ ಎಂಬತ್ತು ಹಿಡಿದರೂ 1,776 ಲೀಟರ್ ಬಂತು. ಕೋಟೆಯಲ್ಲಿ ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ಕಟ್ಟಿದವರಿಗೆ ಬಂಡೆಯೇ ತಾರಸಿ ಆಗಿತ್ತು, ನಿಮಗೆ ಕಾಂಕ್ರೀಟ್ ಇದೆ. ಪೈಪಿಗೆ ಒಂದು ಗೇಟ್‌ವಾಲ್ವ್ ಹಾಕಿಸಿ, ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಮೋರಿಗೆ ಬಿಡಿ, ಬೇಸಿಗೆಯ ಧೂಳು, ಪಾರಿವಾಳದ ಗಲೀಜು ಎಲ್ಲಾ ಅದರಲ್ಲೇ ಬರುತ್ತದೆ.